ಪಂಪನ ‘ಜಾತಿ’ಶಬ್ದದ ಅರ್ಥವಿಚಾರ

ಮನುಷ್ಯಜಾತಿ ಒಂದೇ ಎಂಬ ಆದಿಪುರಾಣದ (ಕ್ರಿ.ಶ. ೯೪೧) ಮಾತನ್ನು ಹಿಡಿದು ಪಂಪನನ್ನು ಸಮತಾವಾದಿಯೆಂದು ಕೊಂಡಾಡುವುದು ವಾಡಿಕೆಯಾಗಿದೆ. ಇದರ ಮೂಲ ಜಿನಸೇನಾಚಾರ್ಯರ ಪೂರ್ವಪುರಾಣದ ೩೮ನೆಯ ಪರ್ವ. ಅಲ್ಲಿ ‘ಜಾತಿ’ ಎಂಬುದು ಏಕೇಂದ್ರಿಯಾದಿ ಪಂಚೇಂದ್ರಿಯಪರ್ಯಂತ ಭೇದಗಳಿಗೆ ಕಾರಣವಾದ ನಾಮಕರ್ಮದ ಪರಿಭಾಷೆ. ಚಾತುರ್ವರ್ಣ್ಯವಾದರೋ ವೃತ್ತಿಭೇದದಿಂದ ಬಂದುದು. ೧೯೦೧ರ ಜನಗಣತಿಯಲ್ಲಿ ರಿಸ್ಲೆ ಮೇಲುಕೀಳಿನ ಕ್ರಮದಲ್ಲಿ ಜೋಡಿಸಿದ ‘ಜಾತಿ’ಯನ್ನು ಹತ್ತನೆಯ ಶತಮಾನದ ಪದ್ಯದ ಮೇಲೆ ಆರೋಪಿಸುವುದು ಅರ್ಥವಿಪರ್ಯಾಸವೇ ಸರಿ. ಆದರೆ ನಮ್ಮ ಪಂಡಿತರೂ ಆ ಒಂದೇ ಶ್ಲೋಕವನ್ನು ಉದಾಹರಿಸಿ ೪೦ನೆಯ ಪರ್ವವನ್ನು ಮರೆಯುತ್ತಾರೆ. ದೀಕ್ಷಾರ್ಹವಲ್ಲದ ಕುಲದಲ್ಲಿ ಹುಟ್ಟಿ ವಿದ್ಯಾಶಿಲ್ಪಗಳಿಂದ ಜೀವಿಸುವವರಿಗೆ ಉಪನೀತ್ಯಾದಿ ಸಂಸ್ಕಾರ ಅಲ್ಲಿ ಸಮ್ಮತವಲ್ಲ. ಇದನ್ನು ಮುಚ್ಚಿಡುವುದು ಪಾಂಡಿತ್ಯವಲ್ಲ. ಪಂಪನ ಸ್ವಂತ ದನಿಯನ್ನು ಅರಸುವವರು ವಿಕ್ರಮಾರ್ಜುನವಿಜಯವನ್ನು ನೋಡಬೇಕು. ಕುಲವನ್ನೆತ್ತಿ ಹಳಿದ ದ್ರೋಣನಿಗೆ, ಛಲಗುಣಗಳೇ ಕುಲವೆಂದು ಕರ್ಣನು ಅಲ್ಲಿ ಉತ್ತರಿಸುತ್ತಾನೆ. ಆ ‘ಕುಲ’ ಲೌಕಿಕಾರ್ಥದ್ದೇ ಹೊರತು ಪರಿಭಾಷೆಯಲ್ಲ.