ಅಂಕಪಟ್ಟಿಯೂ ಅಧ್ಯಾಪನವೂ

ವಿಶ್ವವಿದ್ಯಾನಿಲಯದ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಗಳ ಸುಧಾರಣೆಯಾಗಿರಬೇಕೆಂದು ರಾಧಾಕೃಷ್ಣನ್ ಆಯೋಗವು 1949ರ ತನ್ನ ವರದಿಯಲ್ಲಿ ಅಭಿಪ್ರಾಯಪಟ್ಟಿತು. ಅಂದಿನಿಂದ ಪರೀಕ್ಷೆಯ ಸ್ವರೂಪವು ಹಲವು ಬಾರಿ ಬದಲಾಗಿದೆ. ಆದರೆ ಪರೀಕ್ಷೆಯ ಫಲಿತಾಂಶವು ತರಗತಿಯ ಪಾಠವನ್ನು ತಿದ್ದುವುದು ಇಂದಿಗೂ ಅಪರೂಪವೆಂದೇ ಹೇಳಬೇಕು.

ನಮ್ಮ ತರಗತಿಯದೇ ಒಂದು ನಿದರ್ಶನವನ್ನು ನೋಡಬಹುದು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡುದೇಕೆ ಎಂಬ ಪ್ರಶ್ನೆಗೆ ಇಬ್ಬರು ವಿದ್ಯಾರ್ಥಿಗಳು ಹತ್ತಕ್ಕೆ ಐದೈದು ಅಂಕಗಳನ್ನು ಪಡೆದರು. ಮೊದಲನೆಯವನು ಕಂದಾಯದ ಹೊರೆ, ನಗರದ ದಂಗೆ, ಬೆಂಟಿಂಕನ ನಿರ್ಧಾರ ಇವೆಲ್ಲವನ್ನೂ ಕ್ರಮವಾಗಿ ಬರೆದಿದ್ದನು. ಒಂದಕ್ಕೊಂದಕ್ಕಿರುವ ಸಂಬಂಧವನ್ನು ಮಾತ್ರ ಹೇಳಿರಲಿಲ್ಲ. ಎರಡನೆಯವಳು ಆ ಸಂಬಂಧವನ್ನು ಚೆನ್ನಾಗಿ ಗ್ರಹಿಸಿದ್ದಳು. ಆದರೆ ಟಿಪ್ಪುವಿನ ಪತನದ 1799ನ್ನೇ ಈ ಘಟನೆಯ ವರ್ಷವೆಂದು ಭಾವಿಸಿದ್ದಳು. ಒಬ್ಬನಿಗೆ ಕಾರ್ಯಕಾರಣ ವಿಚಾರದ ಅಭ್ಯಾಸ ಬೇಕು, ಇನ್ನೊಬ್ಬಳಿಗೆ ಕಾಲಾನುಕ್ರಮದ ಜ್ಞಾನ ಬೇಕು. ಅಂಕಪಟ್ಟಿಯಲ್ಲಿ ಇಬ್ಬರೂ ಸಮಾನರು! ನಾವಾದರೋ ಇಡೀ ಪಾಠವನ್ನೇ ಮತ್ತೊಮ್ಮೆ ಹೇಳಿದೆವು. ಇಬ್ಬರಿಗೂ ಅದರಿಂದ ವಿಶೇಷ ಪ್ರಯೋಜನವಾಗಲಿಲ್ಲ.

ಅಂಕವು ತಪ್ಪಿನ ಪ್ರಮಾಣವನ್ನು ತಿಳಿಸುತ್ತದೆ, ತಪ್ಪಿನ ಸ್ವರೂಪವನ್ನಲ್ಲ. ಬೋಧನೆಗೆ ಬೇಕಾದುದು ಎರಡನೆಯದು. 1988ರಲ್ಲಿ ರೂತ್ ಬಟ್ಲರ್ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಕೇವಲ ಟಿಪ್ಪಣಿಯನ್ನು ಪಡೆದ ಮಕ್ಕಳು ಮುಂದುವರಿದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ದೊರೆಯಲಿಲ್ಲ. ಪರೀಕ್ಷೆಗಳ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಈ ಕೊರತೆಯು ನೀಗದು. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಲಿಯು 2009ರಲ್ಲಿ ಜಾರಿಗೆ ತಂದ ನಿರಂತರ ಮೌಲ್ಯಮಾಪನವನ್ನು 2017ರಲ್ಲಿ ಕೈಬಿಟ್ಟಿತು. ಅದರ ಉದ್ದೇಶವು ಉತ್ತಮವಾಗಿದ್ದಿತು; ಆದರೆ ದಾಖಲೆಯನ್ನು ತುಂಬುವ ಕೆಲಸವೇ ಬೋಧನೆಯ ಹೊತ್ತನ್ನು ಕಬಳಿಸಿದರೆ ಯಾವ ಪದ್ಧತಿಯೂ ಸಫಲವಾಗಲಾರದು.

ನೂರು ವಿದ್ಯಾರ್ಥಿಗಳ ತರಗತಿಯಲ್ಲಿ ಪ್ರತಿಯೊಬ್ಬರ ತಪ್ಪನ್ನೂ ಪರಿಶೀಲಿಸುವುದು ಹೇಗೆ ಎಂಬ ಆಕ್ಷೇಪವು ನ್ಯಾಯವಾದುದೇ. ಆದರೆ ತಪ್ಪುಗಳು ನೂರು ಬಗೆಯವಾಗಿರುವುದಿಲ್ಲ. ಇಪ್ಪತ್ತು ಉತ್ತರಪತ್ರಿಕೆಗಳನ್ನು ಗಮನವಿಟ್ಟು ಓದಿದರೆ ಮೂರು ನಾಲ್ಕು ಬಗೆಗಳು ಸ್ಪಷ್ಟವಾಗುತ್ತವೆ. ಮುಂದಿನ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.

ಇದರಲ್ಲಿ ನಮ್ಮ ತಪ್ಪೂ ಬಯಲಾಗುವುದುಂಟು. ಕಾರಣಗಳನ್ನು ಪಟ್ಟಿಮಾಡಿರೆಂದು ಕೇಳಿದವರು ನಾವೇ ಆಗಿದ್ದರೆ, ವಿದ್ಯಾರ್ಥಿಯು ಪಟ್ಟಿಯನ್ನಷ್ಟೇ ಒಪ್ಪಿಸಿದನೆಂದು ದೂರುವುದು ಸಲ್ಲದು. ಉತ್ತರಪತ್ರಿಕೆಯು ವಿದ್ಯಾರ್ಥಿಯನ್ನು ಅಳೆಯುವಂತೆ ಅಧ್ಯಾಪಕನನ್ನೂ ಅಳೆಯುತ್ತದೆ. ಅದನ್ನು ಕಟ್ಟಿಡುವ ಮುನ್ನ ಆ ದೃಷ್ಟಿಯಿಂದ ಮತ್ತೊಮ್ಮೆ ಓದುವುದು ನಮ್ಮ ಕರ್ತವ್ಯವಾಗಿದೆ.