ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕೇಂದ್ರದ ಮುಂಗಡ ಪತ್ರ ಮಂಡನೆಯಾದ ದಿನ ನಮ್ಮಂಥ ಸಂಬಳದಾರರು ನೋಡುವುದು ಆದಾಯ ತೆರಿಗೆಯ ಮಿತಿಯನ್ನು ಮಾತ್ರ. ಅದರ ಜೊತೆಗೇ ಬರುವ ಇನ್ನೊಂದು ಪಟ್ಟಿಯ ಕಡೆ ಕಣ್ಣು ಹೋಗುವುದು ಅಪರೂಪ. ಯಾವ ಇಲಾಖೆ ಮಹಿಳೆಯರಿಗಾಗಿ ಎಷ್ಟು ಹಣ ತೆಗೆದಿರಿಸಿದೆ ಎಂದು ತಿಳಿಸುವ ಈ ಪಟ್ಟಿ 2005-06ರಿಂದ ಪ್ರಕಟವಾಗುತ್ತಿದೆ. ಕೆಲವೇ ವರ್ಷಗಳಲ್ಲಿ ಕರ್ನಾಟಕವೂ ಈ ಹಾದಿ ಹಿಡಿಯಿತು. ಉದ್ದೇಶ ಸ್ತುತ್ಯವೇ ಸರಿ. ಆದರೆ ಪಟ್ಟಿಯನ್ನು ಗುಮಾಸ್ತನ ಕಣ್ಣಿನಿಂದ ಓದಿದಾಗ ಕೆಲವು ಸಂದೇಹಗಳು ಏಳುತ್ತವೆ.

ಪೂರ್ತಿಯಾಗಿ ಮಹಿಳೆಯರಿಗೇ ಸಲ್ಲುವ ಯೋಜನೆಗಳು ‘ಎ’ ಭಾಗದಲ್ಲಿ, ಶೇಕಡಾ 30ಕ್ಕೆ ಕಡಿಮೆಯಿಲ್ಲದಂತೆ ಸಲ್ಲುವಂಥವು ‘ಬಿ’ ಭಾಗದಲ್ಲಿ ಬರುತ್ತವೆ. 2023-24ರ ‘ಎ’ ಭಾಗದಲ್ಲಿ ಸಿಂಹಪಾಲು ವಸತಿ ಯೋಜನೆಯದು. ಮನೆಯ ಪತ್ರದಲ್ಲಿ ಹೆಂಡತಿಯ ಹೆಸರೂ ಇರಲಿ ಎಂಬ ನಿಯಮ ಒಳ್ಳೆಯದೇ. ಆದರೆ ಆ ಸೂರಿನಡಿ ಗಂಡ, ಮಕ್ಕಳು, ಅತ್ತೆ, ಮಾವ ಎಲ್ಲರೂ ಇರುತ್ತಾರಲ್ಲವೇ? ಇಟ್ಟಿಗೆ ಸಿಮೆಂಟಿನ ಅಷ್ಟೂ ದುಡ್ಡನ್ನು ಅವಳೊಬ್ಬಳ ಬಾಬ್ತಿಗೆ ಬರೆದರೆ ಮೊತ್ತ ಬೆಳೆಯುತ್ತದೆ. ಅವಳಿಗೆ ಹೆಚ್ಚಾಗಿ ದಕ್ಕಿದ್ದೇನು ಎಂಬುದು ತಿಳಿಯುವುದಿಲ್ಲ. 2025-26ರಲ್ಲಿ ಈ ಪಟ್ಟಿಯ ಒಟ್ಟು ಮೊತ್ತ 4.49 ಲಕ್ಷ ಕೋಟಿ ರೂಪಾಯಿಗೆ ಏರಿತು. ಆದರೆ ಅದೇ ವರ್ಷ ಲೆಕ್ಕ ಒಪ್ಪಿಸಿದ ಸಚಿವಾಲಯ, ಇಲಾಖೆಗಳ ಸಂಖ್ಯೆಯೂ 38ರಿಂದ 49ಕ್ಕೆ ಏರಿದೆ ಎಂಬುದನ್ನು ಮರೆಯುವಂತಿಲ್ಲ.

ಮೂಲ ದೋಷವಿರುವುದು ಪ್ರಶ್ನೆ ಕೇಳುವ ಸಮಯದಲ್ಲಿ. ಹಣ ಹಂಚಿಯಾದ ಮೇಲೆ ‘ಇದರಲ್ಲಿ ಹೆಂಗಸರ ಪಾಲೆಷ್ಟು?’ ಎಂದು ಹುಡುಕುವುದು ಬೇರೆ. ಹಂಚುವ ಮೊದಲೇ ‘ಅವರಿಗೆ ಬೇಕಾದ್ದೇನು?’ ಎಂದು ಕೇಳುವುದು ಬೇರೆ. ತಮಿಳುನಾಡಿನ ಸಾಧಾರಣ ದರದ ನಗರ ಬಸ್ಸುಗಳಲ್ಲಿ 2021ರಿಂದ ಮಹಿಳೆಯರಿಗೆ ಟಿಕೆಟ್ಟಿಗೆ ಕಾಸಿಲ್ಲ. ಮನೆಗೆಲಸಕ್ಕೆ, ಹೂವಿನ ವ್ಯಾಪಾರಕ್ಕೆ ದಿನವೂ ಹೋಗಿಬರುವವಳ ಕೈಯಲ್ಲಿ ಉಳಿಯುವ ಕಾಸನ್ನು ಯಾರೂ ಎಣಿಸಬಹುದು. 2023ರಲ್ಲಿ ಕರ್ನಾಟಕವೂ ‘ಶಕ್ತಿ’ ಎಂಬ ಹೆಸರಿನಲ್ಲಿ ಇಂಥದೇ ಸೌಲಭ್ಯ ಕೊಟ್ಟಿತು. ಬಸ್ಸುಗಳು ಸಾಲವು ಎಂಬ ದೂರು ಬೇರೆ ಮಾತು.

ಸರ್ಕಾರವನ್ನು ಅಳೆದ ಕೋಲಿನಿಂದಲೇ ನಮ್ಮ ಸಂಘ ಸಂಸ್ಥೆಗಳನ್ನೂ ಅಳೆಯಬೇಡವೇ? ವಾರ್ಷಿಕ ಲೆಕ್ಕಪತ್ರದಲ್ಲಿ ಸಭಾಂಗಣದ ಬಾಡಿಗೆ, ಧ್ವನಿವರ್ಧಕ, ಹಾರ, ಶಾಲು ಎಲ್ಲವೂ ಇರುತ್ತವೆ. ಅಡಿಗೆಯವರನ್ನು ಕರೆಸಿ ಒಬ್ಬಟ್ಟು ಮಾಡಿಸಿದರೆ ಅದು ಖರ್ಚಿನ ಬಾಬ್ತು. ಅದನ್ನೇ ನಮ್ಮ ಸೋದರಿಯರು ನಡುರಾತ್ರಿಯವರೆಗೆ ತಟ್ಟಿದರೆ ವಂದನಾರ್ಪಣೆಯಲ್ಲಿ ಒಂದು ಸಾಲು. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವವರ ಕಥೆಯೂ ಬಹುಮಟ್ಟಿಗೆ ಇದೇ. ಆಟಕ್ಕುಂಟು, ಲೆಕ್ಕಕ್ಕಿಲ್ಲ!

‘ಸೇವೆಗೆ ಬೆಲೆ ಕಟ್ಟುವುದೇ?’ ಎಂದು ಹಿರಿಯರು ಆಕ್ಷೇಪಿಸಬಹುದು. ಕೂಲಿಯ ಮಾತಲ್ಲ ಇದು. ರಾತ್ರಿ ಒಂಬತ್ತೂವರೆಗೆ ಮುಗಿಯುವ ಸಭೆಯಿಂದ ತಾಂಬರಕ್ಕೋ ಅಂಬತ್ತೂರಿಗೋ ಒಬ್ಬಳೇ ಹಿಂತಿರುಗಬೇಕಾದವಳು ಕಾರ್ಯಕಾರಿ ಸಮಿತಿಗೆ ನಿಲ್ಲುವುದು ಹೇಗೆ? ಹಸುಗೂಸಿನ ತಾಯಿಗೆ ಒಂದು ಕೋಣೆಯಿಲ್ಲದಿದ್ದರೆ ಅವಳು ನಾಟಕ ನೋಡುವುದು ಹೇಗೆ? ಐವತ್ತು ನೌಕರರಿದ್ದಲ್ಲಿ ಶಿಶುಪಾಲನೆಯ ಏರ್ಪಾಡಿರಬೇಕೆಂದು 2017ರಲ್ಲಿ ಕಾನೂನೇ ಆಗಿದೆ. ಸಂಘಗಳನ್ನು ಆ ಕಾನೂನು ಕಟ್ಟಿಹಾಕದಿರಬಹುದು, ವಿವೇಕ ಕಟ್ಟಿಹಾಕಬೇಕು.

ಆದ್ದರಿಂದ ಮುಂದಿನ ವರ್ಷದ ಅಂದಾಜು ಪಟ್ಟಿ ಸಿದ್ಧವಾಗುವ ಮೊದಲು, ಮಹಿಳಾ ವಿಭಾಗಕ್ಕೆ ಇಷ್ಟು ಎಂದು ಒಂದು ಮೊತ್ತ ಬರೆದು ಕೈತೊಳೆದುಕೊಳ್ಳದೆ, ಸಭೆಯ ವೇಳೆ, ಸ್ಥಳ, ಖರ್ಚು ಎಲ್ಲವನ್ನೂ ಅವರೊಡನೆ ಕುಳಿತು ನಿರ್ಧರಿಸಲಿ. ಇದಕ್ಕೆ ಹೆಚ್ಚಿನ ವಂತಿಗೆ ಬೇಕಾಗಿಲ್ಲ. ಲೆಕ್ಕ ಬರೆಯುವ ಮೇಜಿನ ಸುತ್ತ ಇನ್ನೆರಡು ಕುರ್ಚಿ ಹಾಕಿದರೆ ಸಾಕು.