ಸೋಮ್ಸನ ಪಕ್ಷವೂ ಐರೀನಳ ಮೌನವೂ

೧

ಕಾವ್ಯನಾಟಕಗಳ ಪಾತ್ರಗಳನ್ನು ಕುರಿತು ಜನರು ಪಕ್ಷಕಟ್ಟಿ ವಾದಿಸುವುದು ಹೊಸ ಸಂಗತಿಯಲ್ಲ. ಕರ್ಣನು ಕೌರವನನ್ನು ಬಿಟ್ಟು ಬರಬೇಕಾಗಿತ್ತೆ, ವಾಲಿಯನ್ನು ಮರೆಯಲ್ಲಿ ನಿಂತು ಕೊಂದುದು ಧರ್ಮವೆ ಎಂಬ ಪ್ರಶ್ನೆಗಳನ್ನು ನಮ್ಮ ಜಗುಲಿಗಳಲ್ಲಿ ಎಷ್ಟು ತಲೆಮಾರುಗಳಿಂದ ಎತ್ತುತ್ತ ಬಂದಿರುವರೋ ಲೆಕ್ಕವಿಲ್ಲ. ಇಂಥ ವಾದದಿಂದ ಕೃತಿಗೆ ಹಾನಿಯಿಲ್ಲ; ಪಾತ್ರಗಳು ಜೀವಂತವಾಗಿವೆಯೆಂಬುದಕ್ಕೆ ಅದೇ ಸಾಕ್ಷಿ. ಆದರೆ ತೂಗುವವರು ಒಮ್ಮೊಮ್ಮೆ ತಕ್ಕಡಿಯನ್ನು ನೋಡಿಕೊಳ್ಳುವುದಿಲ್ಲ. ಕೃತಿಕಾರನು ಒಂದು ತಟ್ಟೆಯಲ್ಲಿ ಒಬ್ಬನ ಅಂತರಂಗವನ್ನೆಲ್ಲ ಇಟ್ಟು, ಇನ್ನೊಂದರಲ್ಲಿ ಬರಿಯ ಮುಖವನ್ನಿಟ್ಟಿದ್ದರೆ, ತೂಕವು ಯಾವ ಕಡೆಗೆ ವಾಲೀತೆಂಬುದನ್ನು ಹೇಳಲು ನ್ಯಾಯಾಧೀಶನು ಬೇಕಿಲ್ಲ.

ಇದಕ್ಕೆ ಇಂಗ್ಲೆಂಡಿನ ಒಂದು ದೊಡ್ಡ ನಿದರ್ಶನವುಂಟು. ಜಾನ್ ಗಾಲ್ಸ್‌ವರ್ದಿಯ ‘ಫಾರ್ಸೈಟ್ ಸಾಗಾ’ ಎಂಬ ಕಾದಂಬರಿಮಾಲೆಯನ್ನೂ ಅದರ ಮುಂದುವರಿಕೆಯನ್ನೂ ಬಿ.ಬಿ.ಸಿ.ಯವರು ೨೬ ಕಂತುಗಳ ದೂರದರ್ಶನ ಧಾರಾವಾಹಿಯಾಗಿ ಮಾಡಿ, ೧೯೬೭ನೆಯ ಜನವರಿಯಲ್ಲಿ ತಮ್ಮ ಎರಡನೆಯ ವಾಹಿನಿಯಲ್ಲಿ ತೋರಿಸಲಾರಂಭಿಸಿದರು. ಅದು ಗಾಲ್ಸ್‌ವರ್ದಿ ಹುಟ್ಟಿದ ನೂರನೆಯ ವರ್ಷ. ನಿರ್ಮಾಪಕನು ಡೊನಾಲ್ಡ್ ವಿಲ್ಸನ್. ಚಿತ್ರವು ಕಪ್ಪುಬಿಳುಪಿನದು. ಎರಡನೆಯ ವಾಹಿನಿಯನ್ನು ನೋಡಬಲ್ಲ ಯಂತ್ರಗಳು ಆಗ ಎಲ್ಲ ಮನೆಗಳಲ್ಲಿ ಇರಲಿಲ್ಲ. ಆದುದರಿಂದ ೧೯೬೮ನೆಯ ಸೆಪ್ಟೆಂಬರಿನಿಂದ ಅದನ್ನು ಮೊದಲನೆಯ ವಾಹಿನಿಯಲ್ಲಿ ಭಾನುವಾರ ಸಂಜೆಗಳಲ್ಲಿ ಮತ್ತೆ ತೋರಿಸಿದರು. ೧೯೬೯ನೆಯ ಮಾರ್ಚಿಯಲ್ಲಿ ಕೊನೆಯ ಕಂತನ್ನು ನೋಡಿದವರ ಸಂಖ್ಯೆ ೧ ಕೋಟಿ ೮೦ ಲಕ್ಷವೆಂದು ಹೇಳುವರು. ಕೆಲವು ಚರ್ಚುಗಳಲ್ಲಿ ಸಂಜೆಯ ಪ್ರಾರ್ಥನೆಯ ಹೊತ್ತನ್ನೇ ಬದಲಿಸಬೇಕಾಯಿತಂತೆ.

ಆ ತಿಂಗಳುಗಳಲ್ಲಿ ಮನೆಮನೆಯಲ್ಲಿಯೂ ನಡೆದ ವಾದವು ಒಂದೇ: ಸೋಮ್ಸನು ಅನ್ಯಾಯಕ್ಕೊಳಗಾದ ಗಂಡನೋ, ಅನ್ಯಾಯ ಮಾಡಿದ ಗಂಡನೋ? ಐರೀನಳು ಮರುಕಕ್ಕೆ ಪಾತ್ರಳೋ, ಕಲ್ಲೆದೆಯವಳೋ?

೨

ಕಥೆಯನ್ನು ಮರೆತಿರಬಹುದಾದವರಿಗಾಗಿ ಅದರ ತಿರುಳನ್ನು ಹೇಳುವುದು ಅವಶ್ಯ. ಮಾಲೆಯ ಮೊದಲನೆಯ ಕಾದಂಬರಿಯು ೧೯೦೬ರಲ್ಲಿ ಪ್ರಕಟವಾಯಿತು. ಅದರ ಕಥೆ ನಡೆಯುವುದು ೧೮೮೬ರ ಲಂಡನ್ನಿನಲ್ಲಿ. ಫಾರ್ಸೈಟರು ಹಣವಂತರು, ಯಾವ ವಸ್ತುವನ್ನು ಕಂಡರೂ ಅದರ ಬೆಲೆಯೆಷ್ಟೆಂದು ಮನಸ್ಸಿನಲ್ಲಿಯೇ ಗುಣಿಸುವವರು. ಆ ಕುಲದ ಸೋಮ್ಸನು ವಕೀಲ, ಚಿತ್ರಸಂಗ್ರಾಹಕ, ಮಿತಭಾಷಿ. ವರದಕ್ಷಿಣೆಗೆ ಗತಿಯಿಲ್ಲದೆ ಮಲತಾಯಿಯ ಆಶ್ರಯದಲ್ಲಿದ್ದ ಐರೀನಳನ್ನು ಅವನು ಕಾಡಿ ಬೇಡಿ ಮದುವೆಯಾದನು. ದಾಂಪತ್ಯವು ಹೊಂದಿಬರದಿದ್ದರೆ ಅವಳನ್ನು ಬಿಟ್ಟುಕೊಡುವೆನೆಂದು ಮದುವೆಗೆ ಮುಂಚೆ ಮಾತುಕೊಟ್ಟಿದ್ದನು. ಅದು ಹೊಂದಿಬರಲಿಲ್ಲ, ಮಾತನ್ನು ಅವನು ನಡೆಸಲೂ ಇಲ್ಲ.

ರಾಬಿನ್ ಹಿಲ್ಲಿನಲ್ಲಿ ಹೆಂಡತಿಗಾಗಿ ಅವನು ಕಟ್ಟಿಸಿದ ಮನೆಯ ಶಿಲ್ಪಿ ಬಾಸಿನಿ. ಇವನು ಐರೀನಳ ಗೆಳತಿ ಜೂನಳಿಗೆ ನಿಶ್ಚಯವಾಗಿದ್ದ ವರ. ಐರೀನಳೂ ಬಾಸಿನಿಯೂ ಒಬ್ಬರನ್ನೊಬ್ಬರು ಪ್ರೀತಿಸಿದರು. ಸೋಮ್ಸನು ಮನೆಯ ವೆಚ್ಚವು ಗೊತ್ತುಮಾಡಿದ ೧೨,೦೦೦ ಪೌಂಡಿನ ಮಿತಿಯನ್ನು ಮೀರಿತೆಂದು ಶಿಲ್ಪಿಯ ಮೇಲೆ ೩೫೦ ಪೌಂಡಿನ ದಾವೆ ಹೂಡಿದನು. ಮಲಗುವ ಮನೆಯ ಬಾಗಿಲು ಬೀಗವಿಲ್ಲದೆ ಉಳಿದ ಒಂದು ರಾತ್ರಿ ಹೆಂಡತಿಯ ಮೇಲೆ ಬಲಾತ್ಕಾರ ಮಾಡಿದನು. ಬಾಸಿನಿಯು ಇದನ್ನು ತಿಳಿದು ಹುಚ್ಚನಂತೆ ಮಂಜಿನಲ್ಲಿ ಅಲೆದು ಗಾಡಿಗೆ ಸಿಕ್ಕಿ ಸತ್ತನು. ಐರೀನಳು ಮನೆಬಿಟ್ಟು ಹೋದಳು. ಅನೇಕ ವರ್ಷಗಳ ಮೇಲೆ ವಿಚ್ಛೇದನವಾಗಿ, ಸೋಮ್ಸನ ದಾಯಾದಿಯಾದ ಜೋಲಿಯನ್ನನ ಕೈಹಿಡಿದಳು. ಸೋಮ್ಸನೂ ಬೇರೆ ಮದುವೆಯಾಗಿ ಫ್ಲೂರ್ ಎಂಬ ಮಗಳನ್ನು ಪಡೆದನು. ಆ ಮಗಳೂ ಐರೀನಳ ಮಗನೂ ಮುಂದೆ ಪರಸ್ಪರ ಒಲಿದು, ಹಿಂದಿನವರ ಕಥೆಯಿಂದಾಗಿಯೇ ಅಗಲಿದರು. ಕಡೆಗೆ ಮುದುಕನಾದ ಸೋಮ್ಸನು ತನ್ನ ಚಿತ್ರಶಾಲೆಗೆ ಬೆಂಕಿ ಬಿದ್ದಾಗ ಮಗಳನ್ನು ಉಳಿಸಲು ಹೋಗಿ ಪ್ರಾಣಬಿಟ್ಟನು.

ಐರೀನಳ ಮೇಲೆ ಪ್ರೇಕ್ಷಕರು ಹೊರಿಸಿದ ಆರೋಪಗಳು ಮುಖ್ಯವಾಗಿ ಮೂರು. ಪ್ರೀತಿಯಿಲ್ಲದೆ ಮದುವೆಯಾದುದು ಒಂದು. ಗೆಳತಿಯ ವರನನ್ನು ಸೆಳೆದುಕೊಂಡುದು ಎರಡು. ಹಳೆಯ ದ್ವೇಷಕ್ಕಾಗಿ ಮಕ್ಕಳ ಸುಖವನ್ನು ಬಲಿಗೊಟ್ಟುದು ಮೂರು. ಇವುಗಳಲ್ಲಿ ಎರಡನೆಯದು ನಿಜವಾದ ತಪ್ಪು. ಜೂನಳ ನೋವನ್ನು ಅಲ್ಲವೆನ್ನಲಾಗದು. ಮೊದಲನೆಯದಕ್ಕೆ ಅವಳ ನಿರ್ಗತಿಕತನವೂ ಸೋಮ್ಸನು ಕೊಟ್ಟ ವಚನವೂ ಉತ್ತರ ಹೇಳುವುವು. ಮೂರನೆಯದು ದುರ್ಬಲವಾದುದು: ಮಗನಿಗೆ ಪತ್ರ ಬರೆದು ಹಳೆಯದನ್ನು ತಿಳಿಸಿದವನು ಜೋಲಿಯನ್, ಓದಿ ಹಿಂದೆಗೆದವನು ಮಗ. ಆದರೂ ವಾದದಲ್ಲಿ ಗೆಲ್ಲುತ್ತಿದ್ದುದು ಸೋಮ್ಸನ ಪಕ್ಷವೇ. ಒಂದು ರಾತ್ರಿಯ ಆ ಕೃತ್ಯವನ್ನು ಕಣ್ಣಾರೆ ಕಂಡ ಪ್ರೇಕ್ಷಕರಲ್ಲಿಯೂ ಅನೇಕರು, “ಪಾಪ, ಅವನಿಗೂ ಒಂದು ಹೃದಯವಿರಲಿಲ್ಲವೆ? ಅವಳು ಕ್ಷಮಿಸಬಹುದಿತ್ತು” ಎಂದರು. ಇದೇಕೆ?

೩

ಈ ಫಲವನ್ನು ಗಾಲ್ಸ್‌ವರ್ದಿಯೇ ಮುಂಗಂಡಿದ್ದನು. ೧೯೨೨ರಲ್ಲಿ ಮೂರು ಕಾದಂಬರಿಗಳನ್ನು ಒಂದು ಸಂಪುಟವಾಗಿ ಪ್ರಕಟಿಸಿದಾಗ ಬರೆದ ಮುನ್ನುಡಿಯಲ್ಲಿ, ಓದುಗರು ಬರಬರುತ್ತ ಸೋಮ್ಸನಿಗಾಗಿ ಮರುಗುವರೆಂದೂ, ತಾನೂ ಮರುಗುವೆನೆಂದೂ, ಆದರೆ ಆ ಮರುಕವು ಐರೀನಳ ಮೇಲಿನ ಮುನಿಸಾಗಿ ತಿರುಗಿದರೆ ಕಥೆಯ ಸತ್ಯವೇ ಕೈತಪ್ಪುವುದೆಂದೂ ಅವನು ಹೇಳಿರುವನು. ಒಲವೇ ಇಲ್ಲದೆಡೆಯಲ್ಲಿ ಕರ್ತವ್ಯವಾಗಲಿ ಕರುಣೆಯಾಗಲಿ ಅದನ್ನು ಹುಟ್ಟಿಸಲಾರದೆಂಬುದೇ ಅವನು ಹೇಳುವ ಸತ್ಯ. ಅದೇ ಮುನ್ನುಡಿಯಲ್ಲಿ ಮತ್ತೊಂದು ಮಾತನ್ನೂ ಒಪ್ಪಿಕೊಂಡಿರುವನು: ಐರೀನಳು ಇತರ ಪಾತ್ರಗಳ ಇಂದ್ರಿಯಗಳ ಮೂಲಕವಲ್ಲದೆ ಗ್ರಂಥದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ; ಒಡೆತನದ ಜಗತ್ತನ್ನು ಕಲಕುವ ಸೌಂದರ್ಯವೇ ಅವಳ ರೂಪದಲ್ಲಿ ಬಂದಿದೆ.

ಈ ಎರಡು ಮಾತುಗಳನ್ನು ಒಟ್ಟಿಗಿಟ್ಟು ನೋಡಿದರೆ ದೋಷದ ಮೂಲವು ತಿಳಿಯುವುದು. ಸೋಮ್ಸನ ಎದೆಯೊಳಗೆ ಕಾದಂಬರಿಕಾರನು ನಮ್ಮನ್ನು ಕೈಹಿಡಿದು ಕರೆದೊಯ್ಯುವನು. ಬಲಾತ್ಕಾರದ ರಾತ್ರಿಯನ್ನು ಕೂಡ ನಾವು ತಿಳಿಯುವುದು ಮರುದಿನ, ನೆಲದಡಿಯ ರೈಲಿನಲ್ಲಿ ಪತ್ರಿಕೆಯನ್ನು ಮುಖಕ್ಕೆ ಹಿಡಿದು ಕುಳಿತ ಸೋಮ್ಸನ ಮನಸ್ಸಿನಿಂದ. ಅವಳ ಅಳು ಅವನ ಕಿವಿಯಲ್ಲಿ ಮೊರೆಯುತ್ತಿರುವುದನ್ನು ನಾವು ಕೇಳುವೆವು. ಅಳುವೂ ಅವಳದಾಗಿ ಬರಲಿಲ್ಲ. ಅವನ ಸಂಕಟವಾಗಿ ಬಂತು! ಗಾಲ್ಸ್‌ವರ್ದಿಯ ಪತ್ನಿ ಆಡಾ ಮೊದಲು ಅವನ ದಾಯಾದಿಯ ಹೆಂಡತಿಯಾಗಿ ಬಹಳ ನೊಂದವಳು. ೧೯೦೫ರಲ್ಲಿ ಅವಳು ಇವನ ಕೈಹಿಡಿದಳು. ಐರೀನಳ ಪಾತ್ರಕ್ಕೆ ಅವಳ ಬಾಳೇ ಮೂಲವೆಂಬುದು ವಿಮರ್ಶಕರ ಒಮ್ಮತ. ಪ್ರಾಯಶಃ ಅತಿಯಾದ ಗೌರವವೇ ಅವನ ಲೇಖನಿಯನ್ನು ಹೊಸಲಿನಲ್ಲಿ ತಡೆಯಿತು. ಪೂಜೆಗೆ ಇಟ್ಟ ಮೂರ್ತಿಯು ಮಾತಾಡದು. ಮಾತಾಡದವಳನ್ನು ಜಗತ್ತು ಗರ್ವಿಷ್ಠೆಯೆನ್ನುವುದು.

ಪ್ರತಿನಾಯಕನಿಗಾಗಿ ಮರುಗುವುದೇ ತಪ್ಪೆಂದು ಇದರಿಂದ ಭಾವಿಸಬಾರದು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವನ್ನು ಓದಿದವರಿಗೆ ಈ ಮರುಕವು ಪರಿಚಿತ. ಅಲ್ಲಿನ ರಾವಣನು ಸೀತೆಯು ಮೂರ್ಛೆಹೋದುದನ್ನು ಕಂಡು ಪಶ್ಚಾತ್ತಾಪದಿಂದ ಬೇಯುವನು. ಶ್ರೀಯವರು ಅವನಲ್ಲಿ ದುರಂತನಾಯಕನನ್ನೇ ಕಂಡರು. ಆದರೆ ಆ ರಾವಣನಿಗಾಗಿ ಕಣ್ಣೀರಿಟ್ಟ ಯಾವ ಸಹೃದಯನೂ “ಸೀತೆಯು ಇವನಿಗೆ ಒಲಿಯಬಹುದಿತ್ತಲ್ಲ” ಎನ್ನಲಿಲ್ಲ. ಅವಳ ನಿಷ್ಠೆಯನ್ನು ಕವಿಯು ನಮ್ಮ ಕಣ್ಣೆದುರಿನಲ್ಲಿ ನಿಲ್ಲಿಸಿರುವನು. ರಾವಣನ ಮನಸ್ಸು ಕರಗುವುದೇ ಅವಳ ದುಃಖದ ದರ್ಶನದಿಂದ. ಅಲ್ಲಿ ರಾವಣನಿಗೆ ಸಲ್ಲುವ ಕರುಣೆಯು ಸೀತೆಯ ಪಾಲಿನಿಂದ ಕಿತ್ತುಕೊಂಡುದಲ್ಲ. ಗಾಲ್ಸ್‌ವರ್ದಿಯು ತನ್ನ ಓದುಗರಿಂದ ಬಯಸಿದುದೂ ಇದನ್ನೇ; ಆದರೆ ಅದಕ್ಕೆ ಬೇಕಾದ ವಿಭಾವವನ್ನು ಅವನು ಒದಗಿಸಲಿಲ್ಲ.

೪

ಕಾದಂಬರಿಯ ಈ ಕೊರತೆಯನ್ನು ದೂರದರ್ಶನವು ತುಂಬಿತೆ? ಸ್ವಲ್ಪಮಟ್ಟಿಗೆ ಯತ್ನಿಸಿತು. ಕಥೆಯನ್ನು ೧೮೭೯ರಿಂದ ಆರಂಭಿಸಿ, ಗ್ರಂಥದಲ್ಲಿ ನೆನಪಾಗಿ ಮಾತ್ರ ಬರುವ ವಿವಾಹಪೂರ್ವದ ಸಂಗತಿಗಳನ್ನು ನೇರವಾಗಿ ತೋರಿಸಿತು. ಐರೀನಳಾದ ನೈರೀ ಡಾನ್ ಪೋರ್ಟರಳು ಸುಂದರಿ, ಸಮರ್ಥೆ. ಆದರೆ ಇತರರ ಕಣ್ಣಿನ ಕನಸಾಗಿದ್ದವಳು ಪರದೆಯ ಮೇಲೆ ಮೈತಾಳಿ ಬಂದೊಡನೆ ಪ್ರೇಕ್ಷಕನು ಅವಳಿಂದ ಸಮಜಾಯಿಷಿ ಕೇಳುವನು. ಕನಸಿನಿಂದ ಯಾರೂ ಕಾರಣ ಕೇಳರು. ಎದುರಿಗೆ ಕುಳಿತ ಹೆಂಗಸಿನಿಂದ ಕೇಳುವರು. ಗ್ರಂಥದಲ್ಲಿ ರಹಸ್ಯವಾಗಿದ್ದ ಮೌನವು ಇಲ್ಲಿ ತಣ್ಣನೆಯ ಹಟದಂತೆ ಕಂಡಿತು.

ಸೋಮ್ಸನಾದ ಎರಿಕ್ ಪೋರ್ಟರನ ವಿಷಯವೇ ಬೇರೆ. ಬಿಗಿದ ತುಟಿ, ಕೇಳಲಾರದ ಕಣ್ಣು, ಅಂಗಿಯ ಪಟ್ಟಿಯೊಳಗೆ ಸೆಟೆದ ಕತ್ತು: ಮಾತಿಗೆ ಬಾರದ ನೋವನ್ನು ಆ ನಟನು ಮುಖದ ಒಂದು ಗೆರೆಯಲ್ಲಿ ತೋರಬಲ್ಲನು. ಮೇಲಾಗಿ, ಆರು ತಿಂಗಳ ಕಾಲ ವಾರವಾರವೂ ನಮ್ಮ ನಡುಮನೆಗೆ ಬರುವವನು ಬಹುಬೇಗ ನೆಂಟನಾಗುವನು. ನೆಂಟನ ತಪ್ಪನ್ನು ನಾವು ಮುಚ್ಚಿಹಾಕುವೆವು. ಸೋಮ್ಸನು ನಮ್ಮ ಕಣ್ಣೆದುರಿನಲ್ಲಿ ಮುದುಕನಾದನು, ಸೂಸನ್ ಹ್ಯಾಂಪ್‌ಷೈರಳ ಫ್ಲೂರಳಿಗೆ ಅಕ್ಕರೆಯ ತಂದೆಯಾದನು, ಅವಳಿಗಾಗಿ ಸತ್ತನು. ಅಷ್ಟರಲ್ಲಿ ಐರೀನಳು ಕಥೆಯಿಂದ ಹೆಚ್ಚುಕಡಿಮೆ ಮರೆಯಾಗಿದ್ದಳು. ಸಾಕ್ಷಿಯು ನ್ಯಾಯಸ್ಥಾನದಿಂದ ಎದ್ದು ಹೋದ ಮೇಲೆ ಅಪರಾಧಿಯೊಬ್ಬನೇ ನಿಂತು ವರ್ಷಗಟ್ಟಲೆ ತನ್ನ ಅಹವಾಲನ್ನು ಹೇಳಿಕೊಂಡರೆ ತೀರ್ಪು ಬೇರೆ ಏನಾದೀತು?

ಈ ಲೇಖಕನೂ ಬಹುಕಾಲ ಸೋಮ್ಸನ ಪಕ್ಷದವನೇ. ಓದುವ ವಯಸ್ಸಿನಲ್ಲಿ ಗ್ರಂಥವನ್ನು ಮುಗಿಸಿ, ಐರೀನಳದು ನಿರ್ದಯವೆಂದು ಗೆಳೆಯರೊಡನೆ ವಾದಿಸಿದ ನೆನಪುಂಟು. ಈಚೆಗೆ ಆ ಹಳೆಯ ಧಾರಾವಾಹಿಯನ್ನು ಮನೆಯಲ್ಲಿ ಎಲ್ಲರೂ ಕುಳಿತು ನೋಡುವಾಗ, ನಮ್ಮ ದೊಡ್ಡಮ್ಮನವರಿಗೆ ನಾನು ಕನ್ನಡದಲ್ಲಿ ಕಥೆ ಹೇಳುತ್ತ ಬಂದೆನು. ಸೋಮ್ಸನು ಎಷ್ಟು ನೊಂದನೆಂದು ವಿವರಿಸುತ್ತಿದ್ದಾಗ ಅವರು ನಡುವೆ ತಡೆದು, “ಅವನದೆಲ್ಲ ಹೇಳಿದೆಯಪ್ಪ. ಆ ಹುಡುಗಿಗೆ ಏನನ್ನಿಸಿತು ಅಂತ ಯಾರೂ ಕೇಳಲೇ ಇಲ್ಲವೇನೋ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಗ್ರಂಥದಲ್ಲಿಯೂ ಇಲ್ಲ. ಇಷ್ಟು ವರ್ಷ ನಾನು ವಾದಿಸಿದುದು ಒಬ್ಬರ ಹೇಳಿಕೆಯನ್ನು ಮಾತ್ರ ಕೇಳಿ ಎಂಬುದು ಆಗ ಮನಸ್ಸಿಗೆ ಬಂದಿತು.

೫

ಇದು ಬರಿಯ ಕಾವ್ಯವಿಚಾರವೆಂದು ತಳ್ಳಿಹಾಕುವಂತಿಲ್ಲ. ಪ್ರೇಕ್ಷಕರು ಈ ವಾದದಲ್ಲಿ ತೊಡಗಿದ್ದ ದಿನಗಳಲ್ಲಿ, ಸೋಮ್ಸನ ಆ ರಾತ್ರಿಯ ಕೃತ್ಯವು ಇಂಗ್ಲೆಂಡಿನ ಶಾಸನದ ಪ್ರಕಾರ ಬಲಾತ್ಕಾರದ ಅಪರಾಧವೇ ಆಗಿರಲಿಲ್ಲ; ಮದುವೆಯೇ ಹೆಂಡತಿಯ ನಿರಂತರ ಸಮ್ಮತಿಯೆಂದು ನ್ಯಾಯಸ್ಥಾನಗಳು ಎಣಿಸುತ್ತಿದ್ದುವು. ಕೊನೆಯ ಕಂತು ಮುಗಿದ ೧೯೬೯ರಲ್ಲಿಯೇ ಅಲ್ಲಿ ವಿಚ್ಛೇದನದ ಶಾಸನವನ್ನು ತಿದ್ದಿದರು. ಗಂಡನ ಆ ವಿನಾಯಿತಿಯು ಮಾತ್ರ ೧೯೯೧ರಲ್ಲಿ ಹೌಸ್ ಆಫ್ ಲಾರ್ಡ್ಸಿನ ತೀರ್ಪಿನಿಂದ ಅಳಿಯಿತು. ಅದೇ ಆಂಗ್ಲ ಭಾವನೆಯು ೧೮೬೦ರ ದಂಡಸಂಹಿತೆಯ ಮೂಲಕ ನಮ್ಮ ದೇಶಕ್ಕೂ ಬಂದು, ೨೦೨೩ರಲ್ಲಿ ಹೊಸ ನ್ಯಾಯಸಂಹಿತೆಯನ್ನು ರಚಿಸಿದಾಗಲೂ ಉಳಿದುಕೊಂಡಿತು. ಆದುದರಿಂದ ಸೋಮ್ಸನ ಪಕ್ಷವನ್ನು ಕಟ್ಟಿದವರು ಕ್ರೂರಿಗಳೆಂದು ಹೇಳಲಾಗದು. ಅವರ ಕಾಲದ ಶಾಸನವೇ ಆ ಪಕ್ಷವನ್ನು ಕಟ್ಟಿತ್ತು. ಸೋಮ್ಸನು ತನ್ನದನ್ನು ತಾನು ತೆಗೆದುಕೊಂಡನೆಂದು ಶಾಸನವು ಹೇಳುತ್ತಿರಲು, ಅವನು ಮನುಷ್ಯಳನ್ನು ಸೊತ್ತೆಂದು ಎಣಿಸಿದನೆಂದು ೧೯೦೬ರಷ್ಟು ಹಿಂದೆಯೇ ತೋರಿಸಿದುದು ಗಾಲ್ಸ್‌ವರ್ದಿಯ ಹಿರಿಮೆ. ಆ ಮನುಷ್ಯಳಿಗೆ ದನಿಯನ್ನು ಕೊಡದೆ ಹೋದುದು ಅವನ ಕೊರತೆ.

೨೦೦೨ರಲ್ಲಿ ಇದೇ ಕಥೆಯನ್ನು ಇಂಗ್ಲೆಂಡಿನಲ್ಲಿ ಹೊಸ ನಟರಿಂದ, ಬಣ್ಣಗಳಲ್ಲಿ, ಮತ್ತೊಮ್ಮೆ ಧಾರಾವಾಹಿಯಾಗಿಸಿದರು. ಡೇಮಿಯನ್ ಲೂಯಿಸನ ಸೋಮ್ಸನೂ ನೋಡುವವರಲ್ಲಿ ಮರುಕವನ್ನು ಹುಟ್ಟಿಸಿದನು. ಹುಟ್ಟಿಸಲಿ, ಪ್ರೀತಿಸಲ್ಪಡಲಾರದವನ ದುಃಖವು ನಿಜವಾದ ದುಃಖ, ಅದಕ್ಕೆ ನಮ್ಮ ಕಣ್ಣೀರು ಸಲ್ಲಲೇಬೇಕು. ಆದರೆ ಕರುಣೆಯು ತೀರ್ಪಲ್ಲ. ಸೋಮ್ಸನಿಗಾಗಿ ಮರುಗುವವರು ಆ ಮರುಕದ ಸಾಲವನ್ನು ತಾವೇ ತೀರಿಸಬೇಕು; ಐರೀನಳ ಮೇಲೆ ಹುಂಡಿ ಬರೆದು ಕಳುಹಿಸಬಾರದು.